ಸಂಪ್ ಪಂಪ್ ಓಡುತ್ತದೆ, ಗುಂಡಿಯ ನೀರು ಮಾತ್ರ ಇಳಿಯುತ್ತಿಲ್ಲ

ಹೊಸಿಲು:
ಕೊಳ್ಳಬೇಕೆಂದಿರುವ ಮನೆಯ ತಪಾಸಣೆ ನಡೆಯುತ್ತಿದೆ. ಬೇಸ್‌ಮೆಂಟ್ ಮೂಲೆಯಲ್ಲಿ ಒಸರು ನೀರು ಸೇರುವ ಗುಂಡಿ, ಅದರೊಳಗೆ ಸಬ್‌ಮರ್ಸಿಬಲ್ ಪಂಪ್. ಗುಂಡಿ ಬಹಳ ದಿನದಿಂದ ಒಣಗಿತ್ತಂತೆ. ಬಕೆಟ್‌ನಲ್ಲಿ ನೀರು ತಂದು ಸುರಿದೆವು. ನೀರು ಏರಿದಾಗ ಪಂಪ್ ಆನ್ ಮಾಡುವ ತೇಲುವ ಸ್ವಿಚ್, ಅಂದರೆ ಫ್ಲೋಟ್, ಎದ್ದಿತು, ಮೋಟಾರ್ ಗುಂಯ್ ಅಂದಿತು, ನೀರು ಚೂರೂ ಇಳಿಯಲಿಲ್ಲ. ಪ್ಲಗ್ ಕಿತ್ತುಬಿಟ್ಟೆವು. ಪಂಪ್ ಹೋಗಿದೆ ಅಂತ ವರದಿಯಲ್ಲಿ ಬರೆಸಬಹುದಾ?

ಹಳೇ ಸ್ಪ್ಯಾನರ್:
ಪ್ಲಗ್ ಕಿತ್ತಿದ್ದು ಒಳ್ಳೆಯದಾಯಿತು. ವರದಿಗೆ ಅವಸರ ಬೇಡ. ಒಣಗಿದ ಗುಂಡಿ ಅಂದಿರಿ, ಅಲ್ವಾ? ನನಗೆ ಏರ್ ಲಾಕ್ ಅನುಮಾನ. ಇಂಪೆಲ್ಲರ್ (ಪಂಪ್‌ನೊಳಗೆ ತಿರುಗಿ ನೀರು ತಳ್ಳುವ ಚಕ್ರ) ಸುತ್ತ ಗಾಳಿ ಸಿಕ್ಕಿಕೊಂಡಿರುತ್ತದೆ. ಮೇಲೆ ಎನ್‌ಆರ್‌ವಿ (ನೀರು ವಾಪಸ್ ಬರದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್) ಮುಚ್ಚಿದೆ, ಅದರ ಮೇಲೆ ಪೈಪ್‌ನಲ್ಲಿ ನಿಂತ ನೀರಿನ ಭಾರ. ಗಾಳಿಗೆ ದಾರಿಯಿಲ್ಲ, ಇಂಪೆಲ್ಲರ್ ಸುಮ್ನೆ ತಿರುಗುತ್ತದೆ.

ಅದಕ್ಕೇ ಪಂಪ್ ಮತ್ತು ಎನ್‌ಆರ್‌ವಿ ನಡುವಿನ ಪೈಪ್‌ನಲ್ಲಿ 3ರಿಂದ 5 ಮಿ.ಮೀ.ನಷ್ಟು ಸಣ್ಣ ತೂತು ಇಡುತ್ತಾರೆ. ಪಂಪ್ ಓಡುವಾಗ ಅಲ್ಲಿಂದ ಸಣ್ಣಗೆ ನೀರು ಚಿಮ್ಮಿ ಗುಂಡಿಗೇ ಬೀಳಬೇಕು. ಇದನ್ನು ಸೋರಿಕೆ ಅಂದುಕೊಂಡು ಟೇಪ್ ಸುತ್ತುವ ಪುಣ್ಯಾತ್ಮರಿದ್ದಾರೆ! ಕೆಲವು ಪಂಪ್‌ಗಳಲ್ಲಿ ತೂತು ಪಂಪ್‌ನ ಮೈಯಲ್ಲೇ ಇರುತ್ತದೆ, ಕೈಪಿಡಿ ನೋಡಿ. ಮನೆ ಇನ್ನೂ ನಿಮ್ಮದಲ್ಲ, ನೀವೇ ಡ್ರಿಲ್ ಹಿಡಿಯಬೇಡಿ.

ಕೆಸರುಗಾಲು:
ಎನ್‌ಆರ್‌ವಿ ಮೇಲಿನ ಬಾಣದ ಗುರುತನ್ನೂ ನೋಡಿ. ಅದು ನೀರು ಹೊರಹೋಗುವ ಕಡೆಗಿರಬೇಕು. ತಲೆಕೆಳಗಾಗಿ ಕೂರಿಸಿದ್ದರೂ ಇದೇ ಗತಿ. ಇಂಪೆಲ್ಲರ್‌ಗೆ ಕಲ್ಲು ಸಿಕ್ಕಿರಲೂಬಹುದು.

ಹೊಸಿಲು:
ಬಾಣ ಸರಿಯಿದೆ. ಟೇಪ್ ಸಿಕ್ಕಿತು! ಮಾರುವವರ ಪ್ಲಂಬರ್ ಅದನ್ನು ಬಿಚ್ಚಿದ ಮೇಲೆ ನೀರು ಹೋಯಿತು. ಆದರೆ ಪಂಪ್ ನಿಂತ ಕೂಡಲೇ ಪೈಪ್‌ನಲ್ಲಿ ಗಳಗಳ ಸದ್ದು. ಹೊಸ ನೀರು ಹಾಕದೇನೇ ಪಂಪ್ ಮತ್ತೆ ಶುರುವಾಗುತ್ತದೆ. ಆ ತೂತಿನಿಂದಲೇ ವಾಪಸ್ ಬರುತ್ತಿದೆಯಾ?

ಹಳೇ ಸ್ಪ್ಯಾನರ್:
ಇಲ್ಲ. ತೂತಿನಿಂದ ಇಳಿಯುವುದು ಎನ್‌ಆರ್‌ವಿ ಕೆಳಗಿನ ಒಂದಿಷ್ಟು ನೀರು ಮಾತ್ರ. ಸದ್ದು ಬರುತ್ತಿದೆ ಅಂದರೆ ಎನ್‌ಆರ್‌ವಿ ಸರಿಯಾಗಿ ಮುಚ್ಚುತ್ತಿಲ್ಲ. ಒಳಗೆ ಮಣ್ಣು ಕೂತಿರಬೇಕು, ಇಲ್ಲವೇ ಅದರ ಮುಚ್ಚಳ ಸವೆದಿರಬೇಕು.

ಆದರೆ ಅದೊಂದೇ ಕಾರಣ ಸಾಲದು. ಒಂದೂವರೆ ಇಂಚಿನ ಪೈಪ್ 3 ಮೀಟರ್ ಎತ್ತರವಿದ್ದರೆ ಹಿಡಿಯುವುದು ಸುಮಾರು 4 ಲೀಟರ್. 45 ಸೆಂ.ಮೀ. ಅಗಲದ ದುಂಡು ಗುಂಡಿಯಲ್ಲಿ ಅಷ್ಟು ನೀರಿಗೆ ಮಟ್ಟ ಏರುವುದು ಎರಡೂವರೆ ಸೆಂ.ಮೀ. ಮಾತ್ರ. ಅಷ್ಟಕ್ಕೇ ಪಂಪ್ ಶುರುವಾಗುತ್ತಿದೆ ಅಂದರೆ ಫ್ಲೋಟ್ ಆನ್ ಆಗುವ ಮತ್ತು ಆಫ್ ಆಗುವ ಮಟ್ಟ ತೀರಾ ಹತ್ತಿರ ಇದೆ. ತೂಗಾಡುವ ಫ್ಲೋಟ್ ಆಗಿದ್ದರೆ ಅದರ ವೈರನ್ನು ಗಿಡ್ಡ ಮಾಡಿ ಕಟ್ಟಿದ್ದಾರಾ, ಗೋಡೆಗೆ ತಾಗುತ್ತಾ ನೋಡಿಸಿ. ಪದೇ ಪದೇ ಆನ್-ಆಫ್ ಆದರೆ ಮೋಟಾರ್ ಬೇಗ ಸಾಯುತ್ತದೆ.

ಕೆಸರುಗಾಲು:
ಹೊರಗೆ ನೀರು ಎಲ್ಲಿ ಬೀಳುತ್ತದೆ? ಗೋಡೆ ಪಕ್ಕದಲ್ಲೇ ಬಿದ್ದರೆ ಅದೇ ನೀರು ಇಂಗಿ ಮತ್ತೆ ಗುಂಡಿಗೆ. 3 ಮೀಟರ್ ಆದರೂ ದೂರವಿರಲಿ, ನೆಲ ಆಚೆಗೆ ಇಳಿಜಾರಿರಲಿ.

ಹೊಸಿಲು:
ಬುಡದಲ್ಲೇ ಬೀಳುತ್ತಿದೆ. ಹಾಗಾದರೆ ಏನು ಬರೆಸಲಿ?

ಹಳೇ ಸ್ಪ್ಯಾನರ್:
ಪಂಪ್ ಹೋಗಿದೆ ಅಂತ ಬೇಡ. ಎನ್‌ಆರ್‌ವಿ ಬದಲಿಸಬೇಕು, ಫ್ಲೋಟ್ ಸರಿಪಡಿಸಬೇಕು, ಹೊರಪೈಪ್ ಉದ್ದ ಮಾಡಬೇಕು ಅಂತ ಬಿಡಿಸಿ ಬರೆಸಿ. ಬ್ಯಾಟರಿ ಬ್ಯಾಕಪ್ ಇದೆಯಾ ಅಂತಲೂ ಕೇಳಿ. ಜೋರು ಮಳೆಯಲ್ಲೇ ತಾನೇ ಕರೆಂಟ್ ಕೈಕೊಡುವುದು. ಕೆಲಸ ಮುಗಿದ ಮೇಲೆ ನಿಮ್ಮ ಎದುರೇ ಇನ್ನೊಮ್ಮೆ ಬಕೆಟ್ ಸುರಿಸಿ ನೋಡಿ.