ರೇಷ್ಮೆ ಬ್ಲೌಸ್ ಲೂಸ್ ಮಾಡಿಸಬೇಕು, ಮನೆಯಲ್ಲೇ ಅಳತೆ ತೆಗೆಯೋದು ಹೇಗೆ?

ಪ್ರಶ್ನೆ
ರೇಷ್ಮೆ ಬ್ಲೌಸ್ ಎದೆ ಹತ್ರ, ಕಂಕುಳಲ್ಲಿ ಬಿಗಿ ಆಗಿದೆ. ಟೈಲರ್ ಮೈಸೂರಲ್ಲಿದ್ದಾರೆ, ನಾನು ಪುಣೆಯಲ್ಲಿ. ಬ್ಲೌಸ್ ಕೊರಿಯರ್ ಮಾಡ್ತೀನಿ, ಜೊತೆಗೆ ಏನೇನು ಬರೆದು ಕಳಿಸಲಿ? ಎದೆ ಸುತ್ತಳತೆ ಮೂರು ಸಲ ತೆಗೆದ್ರೆ 36, 36½, 37½ ಅಂತ ಮೂರು ಥರ ಬರ್ತಿದೆ.

ಸೂಜಿಮೊನೆ
ಒಬ್ಬರೇ ತೆಗೆದ್ರೆ ಬೆನ್ನಿನ ಕಡೆ ಟೇಪ್ ಜಾರುತ್ತೆ, ವ್ಯತ್ಯಾಸ ಅಲ್ಲಿಂದಲೇ. ಕನ್ನಡಿಗೆ ಪಕ್ಕವಾಗಿ ನಿಂತು ಟೇಪ್ ನೆಲಕ್ಕೆ ಸಮವಾಗಿದೆಯಾ ನೋಡಿ. ಸೀರೆಗೆ ಹಾಕೋ ಬ್ರಾನೇ ಹಾಕಿರಬೇಕು. ಕೈ ಕೆಳಗಿರಲಿ, ಉಸಿರು ಬಿಗಿ ಹಿಡಿಯಬೇಡಿ. ಹಳೇ ಬಟ್ಟೆ ಟೇಪ್ ಎಳೆದೆಳೆದು ಉದ್ದ ಆಗಿರುತ್ತೆ, ಸ್ಟೀಲ್ ಸ್ಕೇಲ್ ಪಕ್ಕ ಇಟ್ಟು ಮೊದಲು ಪರೀಕ್ಷಿಸಿ. ಲೂಸ್ ಬೇಕು ಅಂತ ನೀವೇ ಒಂದಿಂಚು ಸೇರಿಸಬೇಡಿ. ಟೈಲರ್ ಕೂಡ ಸೇರಿಸ್ತಾರೆ, ಎರಡೂ ಸೇರಿ ಬ್ಲೌಸ್ ಜೋಲುತ್ತೆ. ಚೀಟಿಯಲ್ಲಿ ‘ಮೈ ಅಳತೆ’ ಅಂತ ಸ್ಪಷ್ಟವಾಗಿ ಬರೆಯಿರಿ.

ಹುಕ್ಕು_ಕಾಜ
ಆಲ್ಟ್ರೇಷನ್‌ಗೆ ಮೈ ಅಳತೆ ಒಂದೇ ಸಾಲದು, ಬ್ಲೌಸಿನದೂ ಬೇಕು. ಟಕ್ಸ್ (ಎದೆ ಆಕಾರಕ್ಕೆ ಹಿಡಿದು ಹೊಲಿದ ಮಡಿಕೆ) ಇರೋ ಮುಂಭಾಗ ಚಪ್ಪಟೆಯಾಗಿ ಮಲಗಲ್ಲ. ಹಾಗಾಗಿ ಹುಕ್ ಬಿಚ್ಚಿ, ಒಳಮಗ್ಗುಲಲ್ಲಿ ಈ ಪಟ್ಟಿಯಿಂದ ಆ ಪಟ್ಟಿವರೆಗೆ ಕಂಕುಳ ಕೆಳಗಿನಿಂದ ಟೇಪ್ ಓಡಿಸಿ. ಹುಕ್ ಹಾಕಿದಾಗ ಒಂದರ ಮೇಲೊಂದು ಬರೋ ಪಟ್ಟಿಯ ಅಗಲ ಕಳೆಯಿರಿ. ಮೈ 36 ಅಂದ್ರೆ ಬ್ಲೌಸ್ 37 ಬೇಕು. ಈಗ 35 ಇದ್ರೆ ಕೊರತೆ 2 ಇಂಚು. ಎರಡು ಪಕ್ಕ, ಹಿಂದೆ ಮುಂದೆ ಸೇರಿ ನಾಲ್ಕು ಪದರ, ಅಂದ್ರೆ ಹೊಲಿಗೆ ಅರ್ಧ ಇಂಚು ಹೊರಗೆ ಹೋದ್ರೆ ಸಾಕು. ಒಳಗೆ ಕನಿಷ್ಠ ಮುಕ್ಕಾಲು ಇಂಚು ಬಟ್ಟೆ ಬಿಟ್ಟಿದ್ದಾರಾ ನೋಡಿ. ಅಂಚಿಗೇ ಹೊಲಿದ್ರೆ ರೇಷ್ಮೆ ಎಳೆ ಬಿಡುತ್ತೆ.

ಸೂಜಿಮೊನೆ
ಕಂಕುಳ ಅಳತೆಗೆ ಭುಜದ ಮೂಳೆ ತುದಿಯಿಂದ ಕಂಕುಳ ಕೆಳಗಾಗಿ ಸುತ್ತು ತೆಗೆಯಿರಿ, ಎರಡು ಬೆರಳು ಸಲೀಸಾಗಿ ಆಡಬೇಕು. ತೋಳಿನ ದಪ್ಪ ಮೊಣಕೈ ಮಡಿಸಿ ಅಳೆಯಿರಿ. ‘ಕಂಕುಳ ಆಳ ಮಾಡಿ’ ಅಂತ ಮಾತ್ರ ಬರೆಯಬೇಡಿ. ಆಳ ಜಾಸ್ತಿ ಆದ್ರೆ ಕೈ ಎತ್ತಿದಾಗ ಇಡೀ ಬ್ಲೌಸೇ ಮೇಲೇಳುತ್ತೆ. ಇನ್ನೊಂದು, ಬಿಚ್ಚಿದ ಜಾಗದಲ್ಲಿ ಹಳೇ ಹೊಲಿಗೆಯ ಗೆರೆ, ಸೂಜಿ ತೂತು ಕಾಣಬಹುದು. ರೇಷ್ಮೆಯಲ್ಲಿ ಅದು ಪೂರ್ತಿ ಹೋಗಲ್ಲ.

ಪ್ರಶ್ನೆ ಕೇಳಿದವರು
ಪಕ್ಕದಲ್ಲಿ 1 ಇಂಚು ಬಟ್ಟೆ ಇದೆ. ತೋಳಿನ ಒಳಗೆ ಕಾಲಿಂಚು ಮಾತ್ರ.

ಹುಕ್ಕು_ಕಾಜ
ಹಾಗಿದ್ರೆ ಬರೀ ಪಕ್ಕ ಬಿಡಿಸಿದ್ರೆ ತೋಳು ಸೇರೋ ಜಾಗದಲ್ಲಿ ಸುಕ್ಕು ಬರುತ್ತೆ. ಬ್ಲೌಸ್ ಪೀಸ್‌ನಲ್ಲಿ ಉಳಿದ ತುಂಡಿದ್ರೆ ಅದನ್ನೂ ಕಳಿಸಿ. ಕಂಕುಳಲ್ಲಿ ವಜ್ರದಾಕಾರದ ಸಣ್ಣ ತುಂಡು ಕೂಡಿಸಿದ್ರೆ ತೋಳೂ ಸಡಿಲ ಆಗುತ್ತೆ, ಕೈ ಇಳಿಸಿದಾಗ ಯಾರಿಗೂ ಕಾಣಲ್ಲ. ತುಂಡು ಇಲ್ಲ ಅಂದ್ರೆ ಅದೇ ಬಣ್ಣದ ರೇಷ್ಮೆ 4 ಇಂಚು ಚೌಕ ಸಿಕ್ಕರೂ ಎರಡು ಕಂಕುಳಿಗೆ ಆಗುತ್ತೆ.