ತಮ್ಮನಿಗೆ 24 ವರ್ಷ, ಅವನ ಪರವಾಗಿ ಅಮ್ಮ ಸಹಿ ಹಾಕಬಹುದೇ?

ಪ್ರಶ್ನೆ: ಮೇಡಂ, ನಮಸ್ಕಾರ. ಅಪ್ಪ ಕಳೆದ ವರ್ಷ ತೀರಿಕೊಂಡರು. ಮೈಸೂರಿನಲ್ಲಿ ಅವರು ಸ್ವಂತ ದುಡಿಮೆಯಿಂದ ಕೊಂಡ ನಿವೇಶನವಿದೆ, ಉಯಿಲು ಬರೆದಿಲ್ಲ. ಉಳಿದವರು ಅಮ್ಮ, ನಾನು, ತಮ್ಮ. ತಮ್ಮನಿಗೆ ಹುಟ್ಟಿನಿಂದ ಬೌದ್ಧಿಕ ಅಂಗವೈಕಲ್ಯವಿದೆ. ನಿವೇಶನ ಮಾರಿ ಅವನ ಪಾಲನ್ನು ಅವನ ಹೆಸರಿನಲ್ಲೇ ಠೇವಣಿ ಇಡಬೇಕೆಂದಿದ್ದೇವೆ. ಅವನ ಪರವಾಗಿ ಅಮ್ಮ ಸಹಿ ಹಾಕುವುದನ್ನು ನೋಂದಣಿ ಕಚೇರಿಯಲ್ಲಿ ಒಪ್ಪಲಿಲ್ಲ. ದಲ್ಲಾಳಿಯೊಬ್ಬರು ಜಿಪಿಎ (ಅವನ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರಪತ್ರ) ಮೇಲೆ ಅವನ ಹೆಬ್ಬೆಟ್ಟು ಒತ್ತಿಸಿದರೆ ಸಾಕು ಎನ್ನುತ್ತಾರೆ. ಹೆತ್ತ ತಾಯಿಯೇ ಪೋಷಕಿ ಅಲ್ಲವೇ?

ಉತ್ತರ: ನಮಸ್ಕಾರ ಅಮ್ಮ. ಆ ಹೆಬ್ಬೆಟ್ಟನ್ನು ಮಾತ್ರ ಒತ್ತಿಸಬೇಡಿ. ಏನನ್ನು ಬರೆದುಕೊಡುತ್ತಿದ್ದೇನೆಂದು ಅರಿಯದವರಿಂದ ಪಡೆದ ಅಧಿಕಾರಪತ್ರ ಕಾನೂನಿನ ಮುಂದೆ ನಿಲ್ಲುವುದಿಲ್ಲ.

ತಾಯಿ ಸಹಜ ಪೋಷಕಿ ಎನ್ನುವುದು ಮಗನಿಗೆ 18 ತುಂಬುವವರೆಗೆ ಮಾತ್ರ. ಅಲ್ಲಿಂದಾಚೆಗೆ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯ ದಾರಿಯಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹು ಅಂಗವೈಕಲ್ಯ ಇರುವವರಿಗೆ ಇದು ಅನ್ವಯಿಸುತ್ತದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ, ತಮ್ಮನ್ನು ಅವನ ಪೋಷಕಿಯಾಗಿ ನೇಮಿಸುವಂತೆ ಅಮ್ಮ ಅರ್ಜಿ ಹಾಕಲಿ. ಅಂಗವೈಕಲ್ಯ ಪ್ರಮಾಣಪತ್ರ, ವಯಸ್ಸಿನ ದಾಖಲೆ ಜೊತೆಗಿರಲಿ.

ನೇಮಕವಾದ ಆರು ತಿಂಗಳೊಳಗೆ ತಮ್ಮನ ಆಸ್ತಿಯ ಪಟ್ಟಿ ಕೊಡಬೇಕು, ಆಮೇಲೆ ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು. ನನ್ನ ಬಳಿ ಬರುವ ತಾಯಿಯೊಬ್ಬರು ಇದಕ್ಕಾಗಿ ಶಾಲೆಯ ನೋಟ್‌ಪುಸ್ತಕ ಇಟ್ಟಿದ್ದಾರೆ: ಮಾತ್ರೆ, ಚಪ್ಪಲಿ, ಕ್ಷೌರದ ದುಡ್ಡು, ಎಲ್ಲವೂ ಮಗನ ಹೆಸರಿನ ಕೆಳಗೆ. ನೀವೂ ಮೊದಲ ದಿನದಿಂದಲೇ ಬರೆದಿಡಿ.

ಪೋಷಕತ್ವದ ಪತ್ರ ಕೈಗೆ ಬಂದ ಕೂಡಲೇ ಕ್ರಯಕ್ಕೆ ಹೊರಡಬೇಡಿ. ಆ ನಿವೇಶನದಲ್ಲಿ ಮೂರನೇ ಒಂದು ಪಾಲು ಅವನದು, ಪೋಷಕಿಯದಲ್ಲ. ಜಿಲ್ಲಾ ನ್ಯಾಯಾಲಯದ ಅನುಮತಿ ಪಡೆದೇ ಮಾರಿ ಎಂಬುದು ನನ್ನ ಸಲಹೆ. ತಡವಾದರೂ ನಾಳೆ ಯಾರೂ ಅಮ್ಮನತ್ತ ಬೆರಳು ತೋರಿಸುವಂತಿರುವುದಿಲ್ಲ. ಇನ್ನೊಂದು ಮಾತು: ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನಿಗೆ ತಿಳಿಯುವಷ್ಟು ಹೇಳಿ, ಯಾರ ಜೊತೆ ಇರಲು ಇಷ್ಟವೆಂದು ಕೇಳಿ. ಅವನು ಹೇಳಿದ್ದನ್ನು ಸಮಿತಿಯ ಮುಂದೆ ಹೇಳುವುದಕ್ಕೆ ಹಿಂಜರಿಯಬೇಡಿ.

ಮತ್ತೊಬ್ಬರು: ಅಕ್ಕ ತೀರಿಕೊಂಡಿದ್ದಾರೆ, ಅವರ ಮಗನಿಗೆ 11. ಅಕ್ಕನ ಹೆಸರಿನ ಮನೆಯನ್ನು ಭಾವ ಮಾರಲು ಹೊರಟಿದ್ದಾರೆ. ತಂದೆಗೂ ಅನುಮತಿ ಬೇಕೇ?

ಉತ್ತರ: ಬೇಕು. ಹಿಂದೂ ಕುಟುಂಬವಾಗಿದ್ದು, ಉಯಿಲು ಇಲ್ಲದಿದ್ದರೆ ತಾಯಿಯ ಮನೆಯಲ್ಲಿ ಮಗುವಿಗೂ ಪಾಲಿದೆ. 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯ 8ನೇ ಕಲಮಿನಂತೆ ಆ ಪಾಲನ್ನು ಮಾರಲು, ಅಡವಿಡಲು ನ್ಯಾಯಾಲಯದ ಅನುಮತಿ ಪಡೆಯಲೇಬೇಕು. ಅಗತ್ಯವೋ ಮಗುವಿಗೆ ಸ್ಪಷ್ಟ ಲಾಭವೋ ಇದ್ದರಷ್ಟೇ ಅದು ಸಿಗುತ್ತದೆ. ಅನುಮತಿಯಿಲ್ಲದೆ ಮಾರಿದರೆ ಹುಡುಗ 18 ತುಂಬಿದ ಮೂರು ವರ್ಷದೊಳಗೆ ಕ್ರಯ ರದ್ದತಿಗೆ ದಾವೆ ಹೂಡಬಹುದು. ಭಾವನವರಿಗೆ ಇದನ್ನು ಜಗಳವಿಲ್ಲದೆ ತಿಳಿಸಿ. ಎಷ್ಟೋ ತಂದೆಯಂದಿರಿಗೆ ಈ ನಿಯಮವೇ ಗೊತ್ತಿರುವುದಿಲ್ಲ.

ಇನ್ನೊಬ್ಬರು: ನನ್ನ ತಂದೆ ಪಾರ್ಶ್ವವಾಯುವಾಗಿ ಕೋಮಾದಲ್ಲಿದ್ದಾರೆ. ಆಸ್ಪತ್ರೆ ಖರ್ಚಿಗೆ ಅವರ ಖಾತೆಯಿಂದ ಹಣ ತೆಗೆಯಲಾಗುತ್ತಿಲ್ಲ. ನಮಗೂ ಅದೇ ಸಮಿತಿಯೇ?

ಉತ್ತರ: ಇಲ್ಲ, ಕೋಮಾದಲ್ಲಿರುವವರು ರಾಷ್ಟ್ರೀಯ ನ್ಯಾಸ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕು. ಕೇರಳ ಹೈಕೋರ್ಟ್ 2019ರಲ್ಲಿ ಇಂಥವರಿಗಾಗಿ ಮಾರ್ಗಸೂಚಿಯನ್ನೇ ಕೊಟ್ಟಿದೆ. ವೈದ್ಯರ ವರದಿ, ಆಸ್ಪತ್ರೆಯ ಬಿಲ್ಲುಗಳು, ನಿಮ್ಮ ತಾಯಿ ಮತ್ತು ಒಡಹುಟ್ಟಿದವರ ಒಪ್ಪಿಗೆಯ ಪ್ರಮಾಣಪತ್ರ (ಅಫಿಡವಿಟ್) ಸಿದ್ಧಪಡಿಸಿಕೊಂಡು ಈ ವಾರವೇ ವಕೀಲರನ್ನು ಕಾಣಿ.