ಎರಡು ವಾರಕ್ಕೊಮ್ಮೆ ಮಾರ್ಟ್‌ಗೇಜ್ (ಮನೆ ಸಾಲದ ಕಂತು) ಕಟ್ಟಿಸುವ ಕಂಪನಿ: ಸೇರಬಹುದಾ?

ಎಡಿಸನ್ ವಾಸಿ:
ನ್ಯೂಜೆರ್ಸಿಯಲ್ಲಿ ಮನೆ ಕೊಂಡು ಕ್ಲೋಸಿಂಗ್ ಆಗಿ ಎರಡು ತಿಂಗಳು. ಸಾಲ 3,00,000 ಡಾಲರ್, ಬಡ್ಡಿ 6.5%, 30 ವರ್ಷ. ನಮ್ಮ ಬ್ಯಾಂಕಿನ ಹೆಸರು, ಸಾಲದ ಮೊತ್ತ ಎರಡೂ ಅಚ್ಚಾಗಿರೋ ಕಾಗದ ಬಂದಿದೆ. ಎರಡು ವಾರಕ್ಕೊಮ್ಮೆ ಅರ್ಧ ಕಂತು ಕಟ್ಟಿದರೆ ಸಾಲ ಸುಮಾರು ಆರು ವರ್ಷ ಮೊದಲೇ ತೀರುತ್ತಂತೆ. ಸೇರೋಕೆ 395 ಡಾಲರ್, ಆಮೇಲೆ ಪ್ರತಿ ಸಲ ಹಣ ಎಳೆದಾಗ 3.50. ಇದು ಬ್ಯಾಂಕಿನವರದ್ದೇನಾ? ಲೆಕ್ಕ ನಿಜನಾ?

ಬಡ್ಡಿಲೆಕ್ಕ:
ಲೆಕ್ಕ ನಿಜ, ಆದರೆ ಅದಕ್ಕೆ ಅವರು ಬೇಕಾಗಿಲ್ಲ. ವರ್ಷಕ್ಕೆ 26 ಅರ್ಧ ಕಂತು ಅಂದರೆ 13 ಪೂರ್ತಿ ಕಂತು. ಉಳಿತಾಯವೆಲ್ಲ ಬರೋದು ಆ ಹದಿಮೂರನೆಯದರಿಂದ. ಇಂಥ ಎಷ್ಟೋ ಕಂಪನಿಗಳು ನಿಮ್ಮ ಅರ್ಧ ಕಂತನ್ನು ತಮ್ಮ ಖಾತೆಯಲ್ಲೇ ಇಟ್ಟುಕೊಂಡು, ಬ್ಯಾಂಕಿಗೆ ತಿಂಗಳಿಗೊಮ್ಮೆಯೇ ಕಳಿಸುತ್ತವೆ. ನಡುವೆ ಅವರು ತಡ ಮಾಡಿದರೂ ಲೇಟ್ ಫೀ ನಿಮಗೇ.

ನಿಮ್ಮ ಅಸಲು-ಬಡ್ಡಿ ಕಂತು 1,896 ಡಾಲರ್. ಅದರ ಹನ್ನೆರಡರಲ್ಲಿ ಒಂದು ಪಾಲು 158. ತಿಂಗಳು ತಿಂಗಳೂ ಅಷ್ಟನ್ನು ಅಸಲಿಗೆ ಸೇರಿಸಿ ಕಟ್ಟಿದರೆ ಸಾಲ 24 ವರ್ಷ 2 ತಿಂಗಳಿಗೆ ಮುಗಿಯುತ್ತದೆ, ಬಡ್ಡಿಯಲ್ಲಿ ಸುಮಾರು 87,000 ಉಳಿಯುತ್ತದೆ. ಇದನ್ನೇ ಅವರ ಕೈಲಿ ಮಾಡಿಸಿದರೆ ಶುಲ್ಕವೇ 2,500 ದಾಟುತ್ತದೆ. ಎಸ್ಕ್ರೋ (ಮನೆ ತೆರಿಗೆ, ಇನ್ಶೂರೆನ್ಸಿಗೆ ಕಂತಿನ ಜೊತೆ ಕಟ್ಟೋ ಹಣ) ಸೇರಿದ ಮೊತ್ತವನ್ನು 12ರಿಂದ ಭಾಗಿಸಬೇಡಿ. ಅದಕ್ಕೆ ಮುಂಚೆ ದುಡ್ಡಿಟ್ಟರೆ ಸಾಲವೇನೂ ಕರಗಲ್ಲ.

ಕೌಂಟಿ ಕಚೇರಿ:
ಕಾಗದ ಬ್ಯಾಂಕಿನದ್ದಲ್ಲ. ಮಾರ್ಟ್‌ಗೇಜ್ ಪತ್ರ ಕೌಂಟಿಯಲ್ಲಿ ದಾಖಲಾಗುತ್ತದೆ, ಯಾರು ಬೇಕಾದರೂ ನೋಡಬಹುದು. ಹೆಸರು, ಮೊತ್ತ ಸಿಗೋದು ಅಲ್ಲಿಂದ. ಕೆಳಗಿನ ಸಣ್ಣಕ್ಷರ ಓದಿ, ಸಾಲ ಕೊಟ್ಟವರಿಗೂ ತಮಗೂ ಸಂಬಂಧವಿಲ್ಲ ಅಂತ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. 2015ರಲ್ಲಿ ಅಮೆರಿಕದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ ಸಿಎಫ್‌ಪಿಬಿ, ಇಂಥದ್ದೇ ಒಂದು ಕಂಪನಿಯಾದ ನೇಶನ್‌ವೈಡ್ ಬೈವೀಕ್ಲಿ ಅಡ್ಮಿನಿಸ್ಟ್ರೇಶನ್ ಮೇಲೆ ದಾವೆ ಹೂಡಿತು. ಸೇರ್ಪಡೆ ಶುಲ್ಕ 995 ಡಾಲರ್‌ವರೆಗೂ ಇತ್ತು, ಕಟ್ಟಿದ ಶುಲ್ಕವನ್ನು ಉಳಿತಾಯ ಮೀರಿಸಲು ಒಂಬತ್ತು ವರ್ಷ ಬೇಕು ಅನ್ನೋದು ಸಂಸ್ಥೆಯ ವಾದ.

ಎಡಿಸನ್ ವಾಸಿ:
ಫೋನಿನಲ್ಲಿ ಹ್ಞೂಂ ಅಂದು ಅಕೌಂಟ್ ನಂಬರ್ ಕೊಟ್ಟಾಗಿದೆ. ಮೊದಲ ಡೆಬಿಟ್ ಮುಂದಿನ ಶುಕ್ರವಾರ.

ಬಡ್ಡಿಲೆಕ್ಕ:
ಹಾಗಾದರೆ ಇವತ್ತೇ ಆ ಕಂಪನಿಗೆ ರದ್ದು ಮಾಡಿ ಅಂತ ಲಿಖಿತವಾಗಿ ಕಳಿಸಿ. ನಿಮ್ಮ ಚೆಕಿಂಗ್ ಅಕೌಂಟ್ ಇರೋ ಬ್ಯಾಂಕಿಗೆ ಹೇಳಿ ಡೆಬಿಟ್‌ಗೆ ಸ್ಟಾಪ್ ಪೇಮೆಂಟ್ (ಹಣ ಎಳೆಯದಂತೆ ತಡೆ) ಹಾಕಿಸಿ. ಡೆಬಿಟ್ ದಿನಕ್ಕೆ ಕನಿಷ್ಠ ಮೂರು ಕೆಲಸದ ದಿನ ಮೊದಲು ತಿಳಿಸಿರಬೇಕು, ಅಂದರೆ ಮಂಗಳವಾರ ದಾಟಿಸಬೇಡಿ. ಸರ್ವಿಸರ್ (ನಿಮ್ಮ ಸಾಲದ ಕಂತು ಕಟ್ಟಿಸಿಕೊಳ್ಳೋ ಸಂಸ್ಥೆ) ಹತ್ತಿರದ ಆಟೋಪೇ ನಿಲ್ಲಿಸಿದ್ದರೆ ಮತ್ತೆ ಶುರು ಮಾಡಿ. ಇದು ಮರೆತರೆ ಈ ತಿಂಗಳ ಕಂತೇ ತಪ್ಪುತ್ತದೆ.

ಆಮೇಲೆ ಸರ್ವಿಸರ್ ವೆಬ್‌ಸೈಟಿನಲ್ಲಿ 158 ಅನ್ನು ಹೆಚ್ಚುವರಿ ಅಸಲಿನ ಕಾಲಂನಲ್ಲೇ ಹಾಕಿ. ಬರೀ ಮೊತ್ತ ಹೆಚ್ಚಿಸಿದರೆ ಕೆಲವರು ಅದನ್ನು ಮುಂದಿನ ಕಂತಿನ ಮುಂಗಡ ಅಂತ ಬರೆದುಕೊಳ್ಳುತ್ತಾರೆ. ಮುಂದಿನ ಸ್ಟೇಟ್‌ಮೆಂಟಿನಲ್ಲಿ ಅಸಲು ಅಷ್ಟು ಇಳಿದಿದೆಯಾ ನೋಡಿ. ನೀವೇ ಅರ್ಧರ್ಧ ಕಂತು ಕಳಿಸೋಕೆ ಹೋಗಬೇಡಿ, ಪೂರ್ತಿ ಕಂತು ಸೇರೋವರೆಗೂ ಅದು ಸಾಮಾನ್ಯವಾಗಿ ಸಾಲಕ್ಕೆ ಜಮೆಯಾಗದೆ ಸಸ್ಪೆನ್ಸ್ ಖಾತೆಯಲ್ಲಿ ಕೂತಿರುತ್ತದೆ.